ಬೆಣ್ಣೆಹಣ್ಣಿನ ಹೆಬ್ಬೆಟ್ಟಕ್ಕ

ಬೆಳಗಿನ ಐದೂಕಾಲು. ಹಣ್ಣಿನ ಗೋದಾಮಿನ ಕಬ್ಬಿಣದ ಶಟರ್ ಇನ್ನೂ ಅರ್ಧ ಮಾತ್ರ ಮೇಲೆದ್ದಿದೆ. ಬೀದಿದೀಪ ಆರಿಲ್ಲ. ಒಳಗೆ ಟ್ಯೂಬ್‌ಲೈಟಿನ ಕೆಳಗೆ, ರಬ್ಬರ್ ಹಾಸಿದ ಉದ್ದನೆಯ ಮೇಜಿನ ತುದಿಯಲ್ಲಿ, ಸ್ವೆಟರಿನ ಮೇಲೆ ಏಪ್ರನ್ ಕಟ್ಟಿಕೊಂಡ ಐವತ್ತೊಂದು ವರ್ಷದ ಹೆಂಗಸೊಬ್ಬರು ನಿಂತಿದ್ದಾರೆ. ಮುಂದೆ ಬೆಣ್ಣೆಹಣ್ಣಿನ ರಾಶಿ. ಒಂದು ಹಣ್ಣು ಎತ್ತುತ್ತಾರೆ, ತೊಟ್ಟಿನ ಪಕ್ಕದಲ್ಲಿ ಎಡಗೈ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ, ಪಕ್ಕದ ಮೂರು ಕ್ರೇಟುಗಳಲ್ಲಿ ಒಂದಕ್ಕೆ ಇಳಿಸುತ್ತಾರೆ. ಎಸೆಯುವುದಿಲ್ಲ, ಇಳಿಸುತ್ತಾರೆ. ಇದಕ್ಕೆಲ್ಲ ಸೇರಿ ಐದು ಸೆಕೆಂಡು.

ಕೆಂಪು ಚೀಟಿಯ ಕ್ರೇಟಿನ ಹೆಸರು ‘ಇವತ್ತು’. ಅಂದರೆ ಇವತ್ತೇ ತಿನ್ನಬೇಕಾದ ಹಣ್ಣು. ಹಳದಿ ಚೀಟಿಯದು ‘ನಾಳೆ’, ಹಸಿರು ಚೀಟಿಯದು ‘ನಾಡಿದ್ದು’. ಬೆಣ್ಣೆಹಣ್ಣು ಮಹಾ ಬಿಂಕದ ಹಣ್ಣು. ನಿನ್ನೆ ಕಲ್ಲು, ಇವತ್ತು ಬೆಣ್ಣೆ, ನಾಳೆ ಕೆಸರು. ಮಧ್ಯದ ಆ ಒಂದು ದಿನವನ್ನು ಹಿಡಿಯಲು ಈ ಗೋದಾಮಿನಲ್ಲಿ ಯಂತ್ರವಿಲ್ಲ, ಹದಿನಾಲ್ಕು ಹೆಂಗಸರ ಹೆಬ್ಬೆರಳುಗಳಿವೆ. ಎಲ್ಲರೂ ಬಿಳಿ ಕೈಗವಸು ಹಾಕುತ್ತಾರೆ, ಹೆಬ್ಬೆರಳಿನ ಜಾಗವನ್ನು ಮಾತ್ರ ಕತ್ತರಿಸಿರುತ್ತಾರೆ.

ಹದಿಮೂರು ಜನರಿಗೆ ಬಲಗವಸಿನಲ್ಲಿ ತೂತು. ಈ ತುದಿಯವರಿಗೆ ಎಡಗವಸಿನಲ್ಲಿ. ಹೊಸಬರು ನೋಡಿದರೆ ಅಕ್ಕ ಎಡಚರೇ ಎಂದು ಕೇಳುತ್ತಾರೆ. ಅಲ್ಲ. ನಾಲ್ಕು ತಿಂಗಳ ಹಿಂದಿನವರೆಗೂ ಅವರ ಎಡಗೈ ಈ ಮೇಜಿನಲ್ಲಿ ಕ್ರೇಟು ಹಿಡಿಯುವುದಕ್ಕಷ್ಟೇ ಇತ್ತು.

ಗೋದಾಮಿನಲ್ಲಿ ಅವರನ್ನು ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಹೆಬ್ಬೆಟ್ಟಕ್ಕ ಎಂದರೆ ಕಾವಲುಗಾರನಿಂದ ಮಾಲೀಕರವರೆಗೆ ಎಲ್ಲರಿಗೂ ಗೊತ್ತು. ಕಲಿತದ್ದು ಏಳನೆಯ ತರಗತಿ, ದಿನಾ ಪೇಪರು ಓದುತ್ತಾರೆ, ಹೆಸರು ಕೇಳಿ ಓದುಬರಹ ಬಾರದವಳು ಎಂದುಕೊಂಡವರಿಗೆ ಆ ದಿನದ ಸುದ್ದಿಯನ್ನೆಲ್ಲ ಒದರಿ ಬಾಯಿ ಮುಚ್ಚಿಸುತ್ತಾರೆ. ಬೀಗದ ಕೈ ಮಾಡುವ ಅವರ ಯಜಮಾನರು, ಊರಿನ ಬೀಗವೆಲ್ಲ ತೆಗೆದಿದ್ದೇನೆ, ಇವಳ ಬಾಯಿಗೆ ಹಾಕುವ ಬೀಗ ಮಾತ್ರ ಇನ್ನೂ ತಯಾರಾಗಿಲ್ಲ ಎನ್ನುತ್ತಾರೆ.

ಇಪ್ಪತ್ತೆರಡು ವರ್ಷದ ಕೆಲಸ. ದಿನಕ್ಕೆ ಸುಮಾರು ನಾಲ್ಕು ಸಾವಿರ ಹಣ್ಣು. ರಜೆ, ಜ್ವರ, ಮಗಳ ಬಾಣಂತನ ಎಲ್ಲ ಕಳೆದು ಲೆಕ್ಕ ಹಾಕಿದರೂ ಎರಡೂವರೆ ಕೋಟಿ ಹಣ್ಣು ಆ ಬಲಗೈ ಹೆಬ್ಬೆರಳಿನ ಕೆಳಗೆ ಹಾದುಹೋಗಿದೆ. ಅದರಲ್ಲಿ ಒಂದೇ ಒಂದು ಒಳ್ಳೆಯ ಹಣ್ಣನ್ನೂ ಅವರು ತಿಂದಿರಲಿಲ್ಲ. ಈ ಮಾತು ಕೇಳಿದರೆ ಯಾರೂ ನಂಬುವುದಿಲ್ಲ. ಅವರಿಗೇ ಈಗ ನಂಬಲಾಗುತ್ತಿಲ್ಲ.

ತಿನ್ನದಿರುವುದಕ್ಕೆ ಕಾರಣವಿತ್ತು. ಕೆಲಸ ಕಲಿಸಿದ ಹಿರಿಯಾಕೆ ಮೊದಲ ದಿನವೇ ಹೇಳಿದ್ದರಂತೆ: ಆರಿಸುವವಳು ತಿನ್ನಬಾರದು, ತಿಂದರೆ ಬೆರಳಿಗೆ ಆಸೆ ಹುಟ್ಟುತ್ತದೆ, ಆಸೆಯ ಬೆರಳು ಸುಳ್ಳು ಹೇಳುತ್ತದೆ. ಅದನ್ನು ಹದಿನಾಲ್ಕು ಜನರೂ ವೇದವಾಕ್ಯದಂತೆ ಪಾಲಿಸುತ್ತ ಬಂದಿದ್ದರು. ಮನೆಗೆ ಒಯ್ಯಬಹುದಾದದ್ದು ಬಾಗಿಲ ಪಕ್ಕದ ನೀಲಿ ಡಬ್ಬದ ಹಣ್ಣು ಮಾತ್ರ. ಅದು ಆರಿಸಿ ಉಳಿದ ಕಸ. ಸಿಪ್ಪೆ ಒಡೆದದ್ದು, ನಾರು ಬಿಟ್ಟದ್ದು, ಒಳಗೆ ಕಪ್ಪಾದದ್ದು. ಕೆಲಸಕ್ಕೆ ಸೇರಿದ ಮೊದಲ ವಾರ ಹೆಬ್ಬೆಟ್ಟಕ್ಕ ಅದರಲ್ಲೊಂದನ್ನು ಸಕ್ಕರೆ ಹಾಕಿಕೊಂಡು ಬಾಯಿಗಿಟ್ಟರು. ಹಳೆಯ ಎಣ್ಣೆಯ ವಾಸನೆ, ಸಾಬೂನಿನ ರುಚಿ. ಹಿತ್ತಲಿಗೆ ಓಡಿ ಹೋಗಿ ಉಗಿದು ಬಂದರು. ಅಂದಿನಿಂದ ನೀಲಿ ಡಬ್ಬದ ಹಣ್ಣು ಅವರ ಮನೆಯಲ್ಲಿ ಕೂದಲಿಗೆ, ಒಡೆದ ಹಿಮ್ಮಡಿಗೆ. ಊರಿನವರು ಇದನ್ನು ಆಸೆಪಟ್ಟು ತಿನ್ನುತ್ತಾರಲ್ಲ, ಅವರ ನಾಲಿಗೆಗೇನು ಬಂದಿದೆ ಎಂದು ಇಪ್ಪತ್ತೆರಡು ವರ್ಷ ಆಶ್ಚರ್ಯಪಟ್ಟರು.

“ಜನಕ್ಕೆ ನಾನೇ ಹೇಳ್ತಿದ್ದೆ, ಹೆಸರಲ್ಲೇ ಬೆಣ್ಣೆ ಇದೆ, ತಿಂದ್ರೆ ಎದೆ ಕಟ್ಟುತ್ತೆ ಅಂತ. ಹೇಳ್ಬಿಟ್ಟು ಟೀಗೆ ಮೂರು ಚಮಚ ಸಕ್ಕರೆ ಹಾಕ್ಕೊಂಡು ಕುಡೀತಿದ್ದೆ” ಎನ್ನುತ್ತಾರೆ. ಟೀ ದಿನಕ್ಕೆ ಆರು ಲೋಟ. ಜೊತೆಗೆ ಬೆಳಗಿನ ತಿಂಡಿಗೆಂದು ಎರಡು ಸಿಹಿ ಬನ್ನು. ಶಟರ್ ಎತ್ತುವ ಹೊತ್ತಿಗೆ ಸುಲಭಕ್ಕೆ ಸಿಗುವುದು ಅದೇ.

ಮೊದಲ ಪೆಟ್ಟು ಬಿದ್ದದ್ದು ಒಂದು ಸೋಮವಾರ. ದೊಡ್ಡ ಅಂಗಡಿಯೊಂದರಿಂದ ಮೂವತ್ತು ಕ್ರೇಟು ವಾಪಸ್ ಬಂತು. ಎಲ್ಲವಕ್ಕೂ ಹಸಿರು ಚೀಟಿ, ‘ನಾಡಿದ್ದು’. ಚೀಟಿಯ ಮೂಲೆಯಲ್ಲಿ ಹೆಬ್ಬೆಟ್ಟಕ್ಕನ ಗುರುತು. ಮೇಸ್ತ್ರಿ ಒಂದು ಕ್ರೇಟು ಬಿಚ್ಚಿದರು. ಮೂವತ್ತು ವರ್ಷದಿಂದ ಗೋದಾಮು ನೋಡಿಕೊಳ್ಳುವ, ಅಳೆದು ತೂಗಿ ಮಾತಾಡುವ ಮನುಷ್ಯ ಅವರು. ಒಂದು ಹಣ್ಣು ಕತ್ತರಿಸಿ ಮುಂದಿಟ್ಟರು. ಒಳಗೆಲ್ಲ ಕಪ್ಪು. ಎರಡನೆಯದು ಕತ್ತರಿಸಿದರು. ಅದೂ ಕಪ್ಪು. ಹೆಬ್ಬೆಟ್ಟಕ್ಕನಿಗೆ ಸಿಟ್ಟು ಬಂತು. ತನ್ನ ಚೀಟಿಯನ್ನು ಬೇರೆ ಯಾರೋ ಅಂಟಿಸಿರಬೇಕು, ಹೊರಟಾಗ ಗಟ್ಟಿಯಿದ್ದದ್ದು ಲಾರಿಯಲ್ಲಿ ಕೆಟ್ಟಿರಬೇಕು ಎಂದು ವಾದಿಸಿದರು. ವಾದಿಸುತ್ತಲೇ ಮೂರನೆಯ ಹಣ್ಣನ್ನು ಕೈಗೆತ್ತಿಕೊಂಡು, ನೋಡಿ ಈಗಲೂ ಹೇಗೆ ಗಟ್ಟಿಯಾಗಿದೆ ಎಂದು ಒತ್ತಿ ತೋರಿಸಿದರು.

ಮೇಜಿನ ಸುತ್ತ ಇದ್ದವರೆಲ್ಲ ಅವರ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದರು. ಅವರೂ ನೋಡಿದರು. ಬಲಗೈ ಹೆಬ್ಬೆರಳು ಸಿಪ್ಪೆ ಹರಿದು ಹಣ್ಣಿನೊಳಗೆ ಗೆಣ್ಣಿನವರೆಗೆ ಇಳಿದುಹೋಗಿತ್ತು. ಕಪ್ಪು ತಿರುಳು ಮಣಿಕಟ್ಟಿಗೆ ಹರಿಯುತ್ತಿತ್ತು. ಬೆರಳಿಗೆ ಏನೂ ಗೊತ್ತಾಗಿರಲಿಲ್ಲ.

ಅದನ್ನು ಹೇಳುವಾಗ ಇಂದಿಗೂ ಅವರ ದನಿ ಇಳಿಯುತ್ತದೆ. “ನನ್ನ ಬೆರಳು ನನಗೇ ಕಾಣಿಸ್ತಾ ಇರ್ಲಿಲ್ಲ. ಒಳಗೆ ಹೋಗಿತ್ತು. ಒಂದು ಕ್ಷಣ ಅದು ಬೇರೆ ಯಾರದ್ದೋ ಕೈ ಅನ್ಸ್ತು.” ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇವರಿಗೆ ಹದಿಮೂರು ಜನರ ಕಣ್ಣೇ ಕನ್ನಡಿಯಾಗಬೇಕಾಯಿತು. ಜುಮ್ಮೆನ್ನುವುದು, ಬೆಳಿಗ್ಗೆ ಲೋಟ ಜಾರುವುದು ವರ್ಷದಿಂದಲೇ ಇತ್ತು. ತಣ್ಣನೆಯ ಕೋಣೆಯ ಕೆಲಸ, ಇದೆಲ್ಲ ಇದ್ದದ್ದೇ ಎಂದು ತಳ್ಳಿಹಾಕಿದ್ದರು.

ಮೇಸ್ತ್ರಿ ಗದರಲಿಲ್ಲ, ಅದೇ ಇನ್ನೂ ಹೆಚ್ಚು ನೋಯಿಸಿತು. ಮೇಜಿನ ತುದಿಯ ಜಾಗ ಖಾಲಿಯಾಯಿತು. ಹೆಬ್ಬೆಟ್ಟಕ್ಕನನ್ನು ಕ್ರೇಟಿನ ತಳಕ್ಕೆ ಕಾಗದ ಹಾಸುವ ಬೆಂಚಿಗೆ ಕಳಿಸಿದರು. ಎರಡು ತಿಂಗಳು ಅವಕಾಶ, ಅಷ್ಟರಲ್ಲಿ ಬೆರಳು ಸರಿಹೋಗದಿದ್ದರೆ ತುದಿಯ ಜಾಗ ಬೇರೆಯವರಿಗೆ ಎಂದು ಮಾಲೀಕರ ಮಾತನ್ನು ಮುಟ್ಟಿಸಿದರು. ಕಾಗದ ಹಾಸುವುದು ಕೀಳು ಕೆಲಸವೇನಲ್ಲ. ಆದರೆ ಎರಡೂವರೆ ಕೋಟಿ ಹಣ್ಣಿನ ಮನಸ್ಸು ಓದಿದವರಿಗೆ ಕಾಗದದಲ್ಲಿ ಓದುವುದೇನಿದೆ? ಅವರು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು. ಹೊರಗೆ ಬಂದು ಯಜಮಾನರಿಗೆ ಸಾಬೂನು ಕಣ್ಣಿಗೆ ಹೋಯಿತು ಎಂದರು.

ಎರಡನೆಯ ಪೆಟ್ಟು ಆಸ್ಪತ್ರೆಯಲ್ಲಿ. ಕಡ್ಡಿಯಂತೆ ತೆಳ್ಳಗಿನ, ಮಾತು ಕಡಿಮೆಯ ಡಾಕ್ಟರಮ್ಮ ಮಣಿಕಟ್ಟನ್ನು ತಟ್ಟಿ, ಬಗ್ಗಿಸಿ ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. ವರ್ಷಗಟ್ಟಲೆ ಒತ್ತಿ ಒತ್ತಿ ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡಿದೆ, ಅದರ ಮೇಲೆ ಸಕ್ಕರೆ ಕಾಯಿಲೆ ಬೇರೆ ಸೇರಿ ನರವನ್ನು ತಿನ್ನುತ್ತಿದೆ ಎಂದರು. ಬರಿಹೊಟ್ಟೆಯಲ್ಲಿ ಸಕ್ಕರೆ ಇನ್ನೂರ ನಲವತ್ತು. ಹಣ್ಣಿನ ಒಳಗನ್ನು ಸಿಪ್ಪೆಯ ಮೇಲಿಂದ ಹೇಳುತ್ತಿದ್ದವರಿಗೆ ತಮ್ಮ ಒಳಗು ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ.

ಮಾತ್ರೆ ಬರೆದರು, ಮಲಗುವಾಗ ಕಟ್ಟಿಕೊಳ್ಳಲು ಮಣಿಕಟ್ಟಿನ ಪಟ್ಟಿ ಕೊಟ್ಟರು. ಬನ್ನು ಬಿಡಿ, ಟೀಗೆ ಸಕ್ಕರೆ ಬಿಡಿ ಎಂದರು. ಹಾಗಾದರೆ ಬೆಳಿಗ್ಗೆ ತಿನ್ನುವುದೇನು ಎಂದು ಕೇಳಿದಾಗ ಡಾಕ್ಟರಮ್ಮ ನಾಲ್ಕೈದು ಪದಾರ್ಥ ಹೇಳಿ, ಕೊನೆಗೆ ಅರ್ಧ ಬೆಣ್ಣೆಹಣ್ಣು ಎಂದರು. ಕೇಳಿದ ರೋಗಿ ನಕ್ಕುಬಿಟ್ಟರು. ತಾವೇನು ಕೆಲಸ ಮಾಡುವುದು ಎಂದು ಆಗ ಹೇಳಿದರು. ಈಗ ಬೆರಗಾಗುವ ಸರದಿ ಡಾಕ್ಟರಮ್ಮನದು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂದು ಗೊಣಗಿಕೊಂಡು ವಿವರಿಸಿದರು. ಅದರಲ್ಲಿರುವುದು ಬೇರೆ ಜಾತಿಯ ಕೊಬ್ಬು, ಎದೆಗೆ ಹಗೆಯಲ್ಲ, ನಾರಿನಂಶ ಚೆನ್ನಾಗಿದೆ, ಸಿಹಿ ಬನ್ನಿನ ಜಾಗದಲ್ಲಿ ತಿಂದರೆ ಹೊಟ್ಟೆ ತುಂಬುತ್ತದೆ, ಸಕ್ಕರೆ ಹಾರುವುದಿಲ್ಲ. ಆದರೆ ಅದು ಔಷಧಿಯಲ್ಲ, ಮಾತ್ರೆ ತಪ್ಪಿಸಬೇಡಿ, ಇಡೀ ಹಣ್ಣು ನುಂಗಿ ಬೇಗ ವಾಸಿಯಾಗುತ್ತದೆಂದು ಕಾಯಬೇಡಿ ಎಂದು ಎಚ್ಚರಿಸಿದರು. ಬೆರಳು ಪೂರ್ತಿ ವಾಪಸ್ ಬರುತ್ತದೆಂಬ ಭರವಸೆಯನ್ನೂ ಕೊಡಲಿಲ್ಲ.

ಬೆರಳು ಬೇಕಿತ್ತು, ಆದ್ದರಿಂದ ಹೆಬ್ಬೆಟ್ಟಕ್ಕ ಹಟ ಹಿಡಿದರು. ಮುಂದಿನ ಎರಡು ವಾರ ಅವರ ಅಡುಗೆಮನೆಯಲ್ಲಿ ನಡೆದದ್ದನ್ನು ಯಜಮಾನರು ಈಗಲೂ ನಗದೆ ಹೇಳಲಾರರು. ಮೊದಲ ದಿನ ಹಣ್ಣನ್ನು ಉಪ್ಪು ಹಾಕಿ ತಿಂದರು, ಉಗಿದರು. ಎರಡನೆಯ ದಿನ ನಿಂಬೆರಸ ಹಿಂಡಿದರು, ಉಗಿದರು. ಮೂರನೆಯ ದಿನ ಬಾಣಲೆಯಲ್ಲಿ ಹುರಿದರು, ಕಹಿ ವಿಷವಾಯಿತು. ಐದನೆಯ ದಿನ ಮೂಗು ಹಿಡಿದುಕೊಂಡು ನುಂಗಿ ನೀರು ಕುಡಿದರು. ಜೊತೆ ಕೊಡಲು ಹೋದ ಯಜಮಾನರು ಒಂದು ಚಮಚ ತಿಂದು, ಇದಕ್ಕಿಂತ ಬೀಗಕ್ಕೆ ಬಿಡುವ ಎಣ್ಣೆ ವಾಸಿ ಎಂದು ಎದ್ದುಹೋದರು. ಆದರೂ ಆಕೆ ಬಿಡಲಿಲ್ಲ. ದಿನಾ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಅರ್ಧ ಹಣ್ಣು.

ಎರಡು ವಾರ ಕಳೆದು ಮತ್ತೆ ಆಸ್ಪತ್ರೆಗೆ ಹೋದಾಗ, ಇದು ನನ್ನಿಂದ ಸಾಧ್ಯವಿಲ್ಲ ತಾಯಿ, ಬೇರೇನಾದರೂ ಹೇಳಿ ಎಂದು ಕೈಮುಗಿದರು. ಡಾಕ್ಟರಮ್ಮ, ತಿನ್ನುವ ಹಣ್ಣು ಯಾವುದು, ಇದ್ದರೆ ತೋರಿಸಿ ಎಂದರು. ಚೀಲದಲ್ಲಿ ಒಂದಿತ್ತು. ಡಾಕ್ಟರಮ್ಮ ಅದನ್ನು ಮೇಜಿನ ಮೇಲೆ ಕಾಗದ ಹಾಸಿ ಕತ್ತರಿಸಿದರು. ಕಪ್ಪು ಗೆರೆ, ಕೂದಲಿನಂಥ ನಾರು, ಹಳಸಿದ ವಾಸನೆ. ಡಾಕ್ಟರಮ್ಮ ಚಾಕು ಕೆಳಗಿಟ್ಟರು. ಇದನ್ನು ಯಾವ ಅಂಗಡಿಗೆ ಕಳಿಸುತ್ತೀರಿ ಎಂದು ಕೇಳಿದರು.

ಹೆಬ್ಬೆಟ್ಟಕ್ಕನಿಗೆ ಅವಮಾನವಾಯಿತು. ಇಂಥದ್ದನ್ನು ಅಂಗಡಿಗೆ ಕಳಿಸುವುದೇ? ಸತ್ತರೂ ಇಲ್ಲ, ಇದು ನೀಲಿ ಡಬ್ಬದ್ದು ಎಂದು ಎದೆ ತಟ್ಟಿ ಹೇಳಿದರು.

“ಅಂಗಡಿಗೆ ಕಳಿಸದೇ ಇರೋದನ್ನ ನಿಮ್ಮ ಬಾಯಿಗೆ ಯಾಕೆ ಕಳಿಸ್ತೀರಿ?” ಎಂದರು ಡಾಕ್ಟರಮ್ಮ.

ವಾಚಾಳಿ ಹೆಂಗಸಿನ ಬಾಯಿಗೆ ಬೀಗ ಬಿದ್ದದ್ದು ಅಂದು. ಆರಿಸುವವಳು ತಿನ್ನಬಾರದು, ಒಯ್ಯುವುದಾದರೆ ಡಬ್ಬದ್ದು. ಇಪ್ಪತ್ತೆರಡು ವರ್ಷದ ಈ ರೂಢಿ ತಲೆಗೆ ಎಷ್ಟು ಹತ್ತಿತ್ತೆಂದರೆ, ಡಾಕ್ಟರು ಬೆಣ್ಣೆಹಣ್ಣು ಎಂದಾಗಲೂ ಅವರ ಕಾಲು ತಾನಾಗಿ ಆ ನೀಲಿ ಡಬ್ಬದ ಕಡೆಗೇ ನಡೆದಿತ್ತು. ಬೇರೆ ಹಣ್ಣು ಇದೆ ಎಂಬುದೇ ನೆನಪಾಗಿರಲಿಲ್ಲ. ಎರಡೂವರೆ ಕೋಟಿ ಮುಟ್ಟಿದವರಿಗೆ! ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ ಇರಬೇಕು.

ಆಸ್ಪತ್ರೆಯಿಂದ ನೇರ ಒಂದು ಹಣ್ಣಿನಂಗಡಿಗೆ ಹೋದರು. ಗಿರಾಕಿಯಾಗಿ ಬೆಣ್ಣೆಹಣ್ಣಿನ ಮುಂದೆ ನಿಂತದ್ದು ಹುಟ್ಟಿದಮೇಲೆ ಅದೇ ಮೊದಲು. ಅಭ್ಯಾಸಬಲದಿಂದ ಒಂದನ್ನೆತ್ತಿ ಒತ್ತಿದರು. ಅಂಗಡಿಯವನು ಗೋಡೆಯ ಬೋರ್ಡು ತೋರಿಸಿದ: ‘ಹಣ್ಣು ಒತ್ತಬೇಡಿ’. ಆಮೇಲೆ ಅಯ್ಯೋ ಪಾಪ ಎನಿಸಿತೋ ಏನೋ, ಬೆಣ್ಣೆಹಣ್ಣು ಆರಿಸುವುದು ಹೇಗೆಂದು ಐದು ನಿಮಿಷ ಪಾಠ ಹೇಳಿದ. ಹೆಬ್ಬೆಟ್ಟಕ್ಕ ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಅವನು ಅತ್ತ ತಿರುಗಿದಾಗ ಎಡಗೈ ಹೆಬ್ಬೆರಳಿನಿಂದ ಮೆಲ್ಲಗೆ ಒಂದನ್ನು ಒತ್ತಿದರು. ಬೆರಳು ಏನನ್ನೋ ಹೇಳಿತು. ಒಡ್ಡೊಡ್ಡಾಗಿ, ತೊದಲುತ್ತ, ಆದರೂ ಹೇಳಿತು. ಇವತ್ತು.

ಮನೆಗೆ ಬಂದು ಕತ್ತರಿಸಿದರು. ಅಂಚಿಗೆ ಎಳೆ ಹಸಿರು, ಒಳಗೆ ತಿಳಿ ಹಳದಿ, ಒಂದು ಕಪ್ಪು ಚುಕ್ಕೆಯಿಲ್ಲ. ಬೀಜ ತಾನಾಗಿ ಬಿಟ್ಟುಕೊಂಡಿತು. ಸುಟ್ಟ ಬ್ರೆಡ್ಡಿನ ತುಂಡಿಗೆ ಬಳಿದು, ಉಪ್ಪು, ಮೆಣಸಿನ ಪುಡಿ ಉದುರಿಸಿ, ಮಾಮೂಲಿನಂತೆ ಕಣ್ಣು ಮುಚ್ಚಿ, ಪಕ್ಕದಲ್ಲಿ ನೀರಿನ ಲೋಟ ಇಟ್ಟುಕೊಂಡು ಬಾಯಿಗಿಟ್ಟರು.

ಮೂರನೆಯ ಪೆಟ್ಟು ಅದು, ಎಲ್ಲಕ್ಕಿಂತ ದೊಡ್ಡದು. ಸಾಬೂನಿಲ್ಲ. ಎಣ್ಣೆಯಿಲ್ಲ. ತಣ್ಣಗೆ, ನುಣ್ಣಗೆ, ಎಳೆ ಕಡಲೆಕಾಯಿ ಜಗಿದಂಥ ಒಂದು ಹಿತವಾದ ರುಚಿ ನಾಲಿಗೆಯ ಮೇಲೆ ಹರಡಿತು. ಅವರು ಬಿಟ್ಟ ಕಣ್ಣು ಬಿಟ್ಟಹಾಗೆ ಕೂತರು. ಯಜಮಾನರು ಗಾಬರಿಯಾಗಿ ನೀರು ಕೊಟ್ಟರು. ಅವರು ನೀರು ತಳ್ಳಿ ಇನ್ನೊಂದು ತುಂಡು ತಿಂದರು. ಆಮೇಲೆ ಅಳು ಬಂತು, ಅಳುವಿನ ಬೆನ್ನಿಗೆ ಸಿಟ್ಟು ಬಂತು.

“ಇಷ್ಟು ವರ್ಷ ನಾನು ಊರಿಗೆಲ್ಲ ಹಂಚಿದ್ದು ಇದಾ? ಇದು ಹೀಗಿರುತ್ತೆ ಅಂತ ನನಗೊಬ್ಳಿಗೇ ಗೊತ್ತಿರ್ಲಿಲ್ವಾ?” ಎಂದು ಹತ್ತು ಸಲ ಕೇಳಿದರು. ಯಜಮಾನರ ಬಾಯಲ್ಲಿ ಆಗಲೇ ಉಳಿದ ತುಂಡು ಇತ್ತು.

ಅಂದಿನಿಂದ ಬನ್ನು ನಿಂತಿತು. ಅಂಗಡಿಯಲ್ಲಿ ಕೊಂಡದ್ದರಲ್ಲಿ ದಿನಕ್ಕೆ ಅರ್ಧ ಹಣ್ಣು, ಉಳಿದರ್ಧ ಯಜಮಾನರಿಗೆ. ಒಂದು ದಿನ ಹಸಿಮೆಣಸು ಈರುಳ್ಳಿ ಹೆಚ್ಚಿ ಕಲಸುತ್ತಾರೆ, ಒಂದು ದಿನ ಬರೀ ಉಪ್ಪು ನಿಂಬೆ. ಹುರಿಯುವ ಸಾಹಸ ಮತ್ತೆ ಮಾಡಿಲ್ಲ. ಇತ್ತ ಕಾಗದದ ಬೆಂಚಿನಲ್ಲಿ ಎಡಗೈಗೆ ಪಾಠ ಶುರುವಾಯಿತು. ಊಟದ ಬಿಡುವಿನಲ್ಲಿ ಗೆಳತಿಯರು ಆರಿಸಿಟ್ಟ ಹಣ್ಣನ್ನು ಕಣ್ಣು ಮುಚ್ಚಿ ಒತ್ತುವುದು, ಯಾವ ಕ್ರೇಟಿನದೆಂದು ಹೇಳುವುದು. ಮೊದಲ ವಾರ ಹತ್ತರಲ್ಲಿ ನಾಲ್ಕು ಸರಿ. ಆರನೆಯ ವಾರ ಹತ್ತರಲ್ಲಿ ಒಂಬತ್ತು. ಬಲಗೈ ಹೆಬ್ಬೆರಳಿಗೂ ಅಷ್ಟಿಷ್ಟು ಜೀವ ಬಂತು, ಬಿಸಿ ಲೋಟ ಬಿಸಿ ಎನಿಸತೊಡಗಿತು. ಹಣ್ಣಿನ ಗುಟ್ಟು ಹೇಳುವಷ್ಟು ಬರಲಿಲ್ಲ. ಇವಳು ಈಗ ತಿನ್ನುವವಳು, ಯಾವ ಕೈಯಾದರೂ ಸುಳ್ಳು ಹೇಳುತ್ತದೆ ಎಂದು ಮೇಜಿನಲ್ಲಿ ಪಿಸುಗುಟ್ಟುವವರೂ ಇದ್ದರು.

ಎರಡು ತಿಂಗಳು ತುಂಬಿದ ಬೆಳಿಗ್ಗೆ ಮೇಸ್ತ್ರಿ ಮೂವತ್ತು ಹಣ್ಣಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದು ಮುಂದಿಟ್ಟರು. ಹೆಬ್ಬೆಟ್ಟಕ್ಕ ಎಡಗೈಯಲ್ಲಿ ಒತ್ತಿ ಮೂರು ಭಾಗ ಮಾಡಿದರು. ತೀರ್ಪು ಒಂದೇ ದಿನಕ್ಕೆ ಸಿಗುವಂಥದ್ದಲ್ಲ, ಆಯಾ ದಿನ ಬಂದಾಗಲೇ ಕತ್ತರಿಸಬೇಕು. ಅಂದು ‘ಇವತ್ತಿ’ನ ಹತ್ತು ಹಣ್ಣು ಕತ್ತರಿಸಿದರು. ಹತ್ತೂ ಸರಿ. ಕತ್ತರಿಸಿದ ಹಣ್ಣನ್ನು ಮಾರುವಂತಿಲ್ಲ. ಮೇಸ್ತ್ರಿ ಅಷ್ಟನ್ನೂ ತಟ್ಟೆಗೆ ಬಾಚಿ ನೀಲಿ ಡಬ್ಬದ ಕಡೆ ಹೊರಟರು. ಹೆಬ್ಬೆಟ್ಟಕ್ಕ ಅಡ್ಡ ನಿಂತರು. ತಮ್ಮ ಬುತ್ತಿಯಿಂದ ಉಪ್ಪಿನ ಪೊಟ್ಟಣ ತೆಗೆದು ಒಂದು ಹೋಳಿಗೆ ಉದುರಿಸಿ, ಚಮಚ ಸಮೇತ ಅವರ ಕೈಗಿಟ್ಟರು.

ಮೇಸ್ತ್ರಿಗೆ ಇಲ್ಲಿ ಮೂವತ್ತು ವರ್ಷ. ಅವರೂ ಡಬ್ಬದ್ದನ್ನು ಬಿಟ್ಟು ಬೇರೆ ತಿಂದವರಲ್ಲ. ಬೇಡ ಬೇಡ ಎನ್ನುತ್ತಲೇ ಒಂದು ಚಮಚ ಬಾಯಿಗಿಟ್ಟರು. ಅಲ್ಲೇ ನಿಂತರು. ಚಮಚ ಬಾಯಲ್ಲೇ ಉಳಿಯಿತು. ಹದಿಮೂರು ಜನ ಹೆಂಗಸರು ಅವರ ಮುಖ ನೋಡಿದರು, ನಂತರ ಒಬ್ಬರನ್ನೊಬ್ಬರು ನೋಡಿದರು, ನಂತರ ತಟ್ಟೆಯ ಕಡೆ ಕೈ ಚಾಚಿದರು. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ.

“ನಾವು ಕಳಿಸೋದು ಇದನ್ನೇನಾ?” ಎಂದು ಮೇಸ್ತ್ರಿ ಕೇಳಿದ್ದು ಎರಡು ಹೋಳು ಮುಗಿದಮೇಲೆ.

ನಾಳೆ ಬಂತು, ನಾಡಿದ್ದು ಬಂತು. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಸರಿ. ಹದಿನೇಳನೆಯ ನಂಬರಿನದು ಮಾತ್ರ ಒಂದು ಮಗ್ಗುಲು ಕಪ್ಪಾಗಿತ್ತು. ಅದು ಬಿದ್ದ ಹಣ್ಣು, ನಂಬರು ಬರೆಯುವಾಗ ಮೇಸ್ತ್ರಿಯೇ ಬೀಳಿಸಿದ್ದು ಎಂಬುದು ಹೆಬ್ಬೆಟ್ಟಕ್ಕನ ವಾದ. ಮೇಸ್ತ್ರಿ ಇಂದಿಗೂ ಒಪ್ಪಿಲ್ಲ. ಆದರೆ ಮೇಜಿನ ತುದಿಯ ಜಾಗ ಅವರಿಗೆ ಮರಳಿ ಸಿಕ್ಕಿತು. ಈಗ ದಿನಕ್ಕೆ ನಾಲ್ಕು ಸಾವಿರವಲ್ಲ, ಮೂರು ಸಾವಿರ. ಗಂಟೆಗೊಮ್ಮೆ ಕೈ ಚಾಚಿ ಬೆರಳು ಅರಳಿಸಬೇಕೆಂದು ಡಾಕ್ಟರಮ್ಮನ ಅಪ್ಪಣೆ. ಅವರ ಜೊತೆ ಇಡೀ ಮೇಜು ಈಗ ಕೈ ಅರಳಿಸುತ್ತದೆ. ಬರಿಹೊಟ್ಟೆಯ ಸಕ್ಕರೆ ನೂರಾ ಮೂವತ್ತಕ್ಕೆ ಇಳಿದಿದೆ. ಮಾತ್ರೆಯೋ, ಬನ್ನು ಬಿಟ್ಟದ್ದೋ, ಹಣ್ಣೋ ಎಂದು ಕೇಳಿದರೆ, ಮೂರೂ ಸೇರಿಯೇ ಎನ್ನುತ್ತಾರೆ ಡಾಕ್ಟರಮ್ಮ.

ಏಳೂವರೆ. ಶಟರ್ ಪೂರ್ತಿ ಮೇಲೆದ್ದಿದೆ, ಬಿಸಿಲು ಮೇಜಿನ ಕಾಲಿನವರೆಗೆ ಬಂದಿದೆ. ಲಾರಿಗೆ ಕ್ರೇಟುಗಳು ಏರುತ್ತಿವೆ. ಬಾಗಿಲ ಪಕ್ಕದ ನೀಲಿ ಡಬ್ಬ ಇನ್ನೂ ಅಲ್ಲೇ ಇದೆ. ವಾರಕ್ಕೊಂದು ಒಳ್ಳೆಯ ಹಣ್ಣನ್ನು ಆರಿಸುವವರಿಗೂ ಕೊಡಬೇಕೆಂದು ಹದಿನಾಲ್ಕು ಜನ ರುಜು ಹಾಕಿ ಮಾಲೀಕರಿಗೆ ಅರ್ಜಿ ಕೊಟ್ಟಿದ್ದಾರೆ, ಕೊನೆಯಲ್ಲಿ ಮೇಸ್ತ್ರಿಯ ರುಜುವೂ ಇದೆ. ಉತ್ತರ ಇನ್ನೂ ಬಂದಿಲ್ಲ.

ಏನಾಗಬೇಕು ನಿಮಗೆ ಎಂದು ಕೇಳಿದರೆ ಹೆಬ್ಬೆಟ್ಟಕ್ಕ ಕೈಯಲ್ಲಿದ್ದ ಹಣ್ಣನ್ನು ಎಡಗೈಯಲ್ಲಿ ಒತ್ತಿ, ಕೆಂಪು ಚೀಟಿಯ ಕ್ರೇಟಿಗೆ ಇಳಿಸಿ, ಆಮೇಲೆ ಮಾತಾಡುತ್ತಾರೆ.

“ಆ ಮೂವತ್ತು ಕ್ರೇಟು ಬಿಟ್ರೆ ನಾನು ಯಾರ ಮನೆಗೂ ಕೆಟ್ಟ ಹಣ್ಣು ಕಳಿಸಿದೋಳಲ್ಲ. ನಮ್ಮನೆಗೆ ಮಾತ್ರ ಇಪ್ಪತ್ತೆರಡು ವರ್ಷ ಕೆಟ್ಟದ್ದನ್ನೇ ಕಳಿಸಿದೆ. ಇನ್ಮೇಲೆ ನಮ್ಮನೆಗೂ ಆರಿಸಿದ್ದೇ ಹೋಗ್ಲಿ. ಅಷ್ಟು ಸಾಕು.”